ರೆಕ್ಕೆಯಲ್ಲೊಂದು ತೂತು

“ಈ ನಾಲ್ಕರಲ್ಲಿ ಮೊದಲೇ ಯಾರೋ ತೂತು ಮಾಡಿದ್ದಾರೆ ಮೇಡಂ.”

ಚಿತ್ರಾ ಮೇಜಿನ ಮೇಲೆ ಹನ್ನೊಂದು ಕಾರ್ಡುಗಳನ್ನು ಸಾಲಾಗಿ ಇಟ್ಟಿದ್ದಳು. ಇಸ್ಪೀಟಿನ ಎಲೆಯಷ್ಟು ಅಗಲದ ದಪ್ಪ ಕಾಗದ. ಒಂದೊಂದರ ಮೇಲೂ ಒಣಗಿ ಕಂದಾದ ಒಂದು ಹನಿ ಕೋಳಿರಕ್ತ. ಮರಿ ಹುಟ್ಟಿದ ವಾರದಲ್ಲೇ ಅದರ ರೆಕ್ಕೆಗೆ ನಂಬರಿನ ಬಿಲ್ಲೆ ಚುಚ್ಚುತ್ತಾರಲ್ಲ, ಆಗ ತೆಗೆದಿಟ್ಟದ್ದು. ಅದರಿಂದ ಗುಂಡುಸೂಜಿಯ ತಲೆಯಷ್ಟು ಚೂರು ಪಂಚಿನಿಂದ ಕತ್ತರಿಸಿ ಹಾಕಿದರೆ, ಆ ಕೋಳಿ ತಂದ ಹುಟ್ಟುಗುಣವನ್ನು ಯಂತ್ರ ಓದುತ್ತದೆ.

ಏಳು ಕಾರ್ಡುಗಳಲ್ಲಿ ಚಿತ್ರಾ ನಿನ್ನೆ ಕತ್ತರಿಸಿದ ಒಂದೊಂದೇ ತೂತು. ನಾಲ್ಕರಲ್ಲಿ ಎರಡೆರಡು.

“ಯಾರ ಕೆಲಸ ಇದು?” ಎಂದೆ.

“ಪಂಚ್ ಸರಿಯಾಗಿ ಕತ್ತರಿಸುತ್ತಾ ಅಂತ ಯಾರೋ ನೋಡಿರ್ಬೇಕು. ಇವುಗಳಲ್ಲಿ ರಕ್ತ ಕಮ್ಮಿ ಉಳಿದಿತ್ತು, ಅದಕ್ಕೇ ಫಲಿತಾಂಶ ಸರಿಯಾಗಿ ಬರಲಿಲ್ಲ. ನಿನ್ನೆಯ ಚೂರನ್ನೇ ಇನ್ನೊಂದು ಸಲ ಯಂತ್ರಕ್ಕೆ ಹಾಕಿದ್ದೀನಿ. ಈಗ ಬಂದಿರೋದು ಏಳರದ್ದು ಮಾತ್ರ.”

“ಅಕ್ಕಾರ, ಮೊದಲ ಚಾ ಕುಡೀರಿ,” ಎನ್ನುತ್ತ ಭವಾನಿ ಒಳಗೆ ಬಂದಳು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಚಿತ್ರಾ ಬೆಳಿಗ್ಗೆ ಮುಟ್ಟದೆ ಬಿಟ್ಟಿದ್ದ ಡಬ್ಬಿ. “ನೀ ಇವತ್ತೂ ಉಂಡಿಲ್ಲ. ಸಮಿತಿ ಮುಂದ ಚಕ್ಕರ್ ಬಂದು ಬೀಳಾಕಿ ಏನು?”

ಅವಳೇ ಮುಚ್ಚಳ ತೆಗೆದು, ಚಪಾತಿ ಮುರಿದು ಚಿತ್ರಾಳ ಬಾಯಿಗಿಟ್ಟಳು. ಈ ರಾಯಚೂರಿನ ಹುಡುಗಿ ಚಿತ್ರಾಳ ಗೆಳತಿ. ಕೊಂಡಾಪುರದ ಒಂದೇ ಕೋಣೆಯಲ್ಲಿ ಇಬ್ಬರ ವಾಸ, ಒಂದೇ ಪ್ರಯೋಗಾಲಯದಲ್ಲಿ ಕೆಲಸ. ರಕ್ತ ಓದುವ ಯಂತ್ರ ನಡೆಸುವವಳು ಇವಳೇ. “ನಮ್ಮ ಚಿತ್ರಾನ ಉಳಸ್ರಿ” ಎಂದು ಅಳುತ್ತ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದವಳೂ ಇವಳೇ.

ಸಂಶೋಧನೆಗಾಗಿ ಕೊಯ್ದು ತೂಗಿದ ಕೋಳಿಗಳಲ್ಲಿ ಹನ್ನೊಂದು ಬಜಾರಿನ ಕೋಳಿಗಳೆಂದು ಬಯಲಾಗಿ, ಅಪವಾದ ಚಿತ್ರಾಳ ಕೊರಳಿಗೆ ಬಿದ್ದಿದೆ. ನಾಳೆ ಬೆಳಿಗ್ಗೆ ವಿಚಾರಣಾ ಸಮಿತಿ. ಮರಿಗಳನ್ನು ಸಾಯಗೊಟ್ಟು, ಲೆಕ್ಕ ತುಂಬಿಸಲು ಹೊರಗಿನ ಕೋಳಿ ಸೇರಿಸಿದಳು ಎಂದು ಅವರು ತೀರ್ಮಾನಿಸಿದರೆ ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು. ಮುಂದೆ ಯಾವ ಪ್ರಯೋಗಾಲಯವೂ ಈ ಮೈಸೂರಿನ ಹುಡುಗಿಗೆ ಬಾಗಿಲು ತೆರೆಯುವುದಿಲ್ಲ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೇನು ಎಂದು ಗಾದೆ. ವಿಜಯಶ್ರೀ ಎಂಬ ಪತ್ತೇದಾರಿಣಿಯಾದ ನನಗೆ ಮಾತ್ರ ಕೋಳಿಯನ್ನು ಕೇಳಿಯೇ ಕಳ್ಳನನ್ನು ಹಿಡಿಯಬೇಕಾದ ಕಾಲ ಬಂದಿತ್ತು. ನಮ್ಮ ಮನೆಯವರು ಶಿವಪ್ರಕಾಶ ಬೆಳಿಗ್ಗೆಯಿಂದ ಇದನ್ನೇ ಹೇಳಿ ಹೇಳಿ ನಗುತ್ತಿದ್ದರು.

“ಆ ಏಳು ಕಾರ್ಡು ಏನು ಹೇಳ್ತಾವ, ಹೇಳು ತಂಗಿ.”

ಚಿತ್ರಾ ಚಪಾತಿ ನುಂಗಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು.

ಮೊದಲ ದಿನ ಈ ವಿದ್ಯೆ ನನ್ನ ತಲೆಗೆ ಹತ್ತಿರಲಿಲ್ಲ. ಈಗ ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಪುಂಡಿಪಲ್ಯದ ರುಚಿ ಬರೀ ಪುಂಡಿಸೊಪ್ಪಿನಿಂದ ಬರುವುದಿಲ್ಲ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೋಳದ ನುಚ್ಚು, ಒಗ್ಗರಣೆ, ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಪಾಲು. ಕೋಳಿಯ ತೂಕ, ಕಾಲಿನ ಬಲ, ಅಂಜಿಕೆ ಕೂಡ ಹಾಗೆಯೇ ಹತ್ತಾರು ಜೀನುಗಳ ಕೂಡುಕೆಲಸ. ಯಾವುದರ ಪಾಲು ಎಷ್ಟು ಎಂದು ತಿಳಿಯಬೇಕಾದರೆ ನೂರಾರು ಮನೆಯ ಪಲ್ಯ ತಿಂದು, ಯಾರು ಏನು ಹಾಕಿದ್ದಾರೆ ಎಂದು ಕೇಳುತ್ತ ಹೋಗಬೇಕು.

ಇವರು ಹಳೇ ಪಟ್ಟಣದ ಒಂದು ಅಸೀಲ್ ಹುಂಜವನ್ನು ಮಾಂಸಕ್ಕೆ ಸಾಕುವ ಒಂದು ಬಿಳಿ ಕೋಳಿಗೆ ಕೂಡಿಸಿದ್ದರು. ಅಜ್ಜ ಕಾದಾಡುವ ಜಾತಿ, ಕಾಲು ಕಬ್ಬಿಣ. ಅಜ್ಜಿ ಬೇಗ ಬೆಳೆಯುವವಳು, ಆದರೆ ಮೈಭಾರಕ್ಕೆ ಕಾಲೇ ಕುಸಿಯುತ್ತದೆ. ಇವರ ನೂರಾರು ಮೊಮ್ಮಕ್ಕಳನ್ನು ಬೆಳೆಸಿ, ತೂಗಿ, ಅಳೆದು, ಯಾವ ಜಾಗದ ಜೀನು ಅಜ್ಜನದು, ಯಾವುದು ಅಜ್ಜಿಯದು ಎಂದು ನಕ್ಷೆ ಬರೆಯುವುದು ಚಿತ್ರಾಳ ಕೆಲಸ. ಎದೆಯ ಮಾಂಸ, ಕಾಲಿನ ಮೂಳೆ ಅಳೆಯಬೇಕಾದರೆ ಕೋಳಿಯನ್ನು ಕೊಯ್ಯಲೇಬೇಕು. ಬದುಕಿರುವ ಕೋಳಿ ಈ ಲೆಕ್ಕಕ್ಕೆ ಬರುವುದಿಲ್ಲ.

ಕೊಯ್ದ ದಿನ ತೆಗೆದ ರಕ್ತದಲ್ಲಿ ಅಜ್ಜನದೂ ಅಲ್ಲದ, ಅಜ್ಜಿಯದೂ ಅಲ್ಲದ ಜೀನು ಸಿಕ್ಕಿದ್ದರಿಂದಲೇ ಹನ್ನೊಂದು ಪರಕೀಯರು ಸಿಕ್ಕಿಬಿದ್ದದ್ದು. ಹಾಗಾದರೆ ಆ ನಂಬರಿನ ನಿಜವಾದ ಮೊಮ್ಮಕ್ಕಳು ಎಲ್ಲಿ? ಅವರ ಗುರುತು ಉಳಿದಿದ್ದದ್ದು ಈ ಮರಿಗಾಲದ ಕಾರ್ಡುಗಳಲ್ಲಿ ಮಾತ್ರ.

“ವಿಚಿತ್ರ ನೋಡಿ ಮೇಡಂ,” ಎಂದಳು ಚಿತ್ರಾ. “ಏಳಕ್ಕೂ ಒಂದು ಜಾಗದಲ್ಲಿ ಜೀನಿನ ಎರಡೂ ಪ್ರತಿ ಅಜ್ಜಿಯದೇ. ಸುಮ್ನೆ ಏಳು ಕೋಳಿ ಹಿಡಿದ್ರೆ ಹೀಗೆ ಬರೋದೇ ಇಲ್ಲ. ತೂಕದ ಜಾಗವೂ ಅಲ್ಲ ಇದು.”

“ಮತ್ತ ಯಾವುದರದು?”

“ಭಯದ್ದು. ಅಜ್ಜಿಯ ಪ್ರತಿ ಇದ್ರೆ ಮನುಷ್ಯರಿಗೆ ಅಷ್ಟಾಗಿ ಹೆದರಲ್ಲ. ನಾವು ಶೆಡ್ಡಿಗೆ ಹೋದ್ರೆ ಮಿಕ್ಕ ಕೋಳಿಗಳು ಗೋಡೆಗೆ ಅಂಟಿಕೊಳ್ತಾವೆ. ಕೆಲವು ಮಾತ್ರ ಬಂದು ನಮ್ಮ ಕಾಲ ಮೇಲೆ ಕೂತ್ಕೋತಾವೆ. ಕೊಯ್ಯೋ ದಿನವೂ ಹಾಗೇ ಬರ್ತಾವೆ ಮೇಡಂ.” ಅವಳ ದನಿ ಸಣ್ಣದಾಯಿತು. “ನಾನು ಆ ದಿನ ತಲೆ ಎತ್ತಿ ನೋಡೋದಿಲ್ಲ.”

ನಾನು ಕುರ್ಚಿಗೆ ಒರಗಿ ಕುಳಿತೆ. ಇಷ್ಟು ದಿನ ಋಷಭ್ ಎಂಬ ಕೋಳಿತಳಿ ಕಂಪನಿಯ ಏಜೆಂಟನ ಬೆನ್ನು ಹತ್ತಿ ನನ್ನ ಚಪ್ಪಲಿ ಸವೆದಿತ್ತು. ಆದರೆ ಕಂಪನಿಯವನು ದಪ್ಪ ಕೋಳಿ ಕದಿಯುತ್ತಾನೆ, ಗಟ್ಟಿ ಕಾಲಿನದನ್ನು ಕದಿಯುತ್ತಾನೆ. ಕಾಲ ಮೇಲೆ ಬಂದು ಕೂರುವ ಕೋಳಿ ಅವನಿಗೆ ಯಾತಕ್ಕೆ?

ಪತ್ತೇದಾರಿಗೆ ಇಳಿಯುವ ಮುಂಚೆ ನಾನು ಬೀದರ್, ಜಹೀರಾಬಾದ್ ಕಡೆ ದನಗಳ ವಿಮೆಯ ತನಿಖೆ ಮಾಡುತ್ತಿದ್ದೆ. ಎಮ್ಮೆ ಸತ್ತಿತೆಂದು ಕಿವಿಯ ಬಿಲ್ಲೆ ಕತ್ತರಿಸಿ ಕಳಿಸುತ್ತಾರೆ. ಹೋಗಿ ನೋಡಿದರೆ ಬಿಲ್ಲೆ ಸತ್ತಿರುತ್ತದೆ, ಎಮ್ಮೆ ಹಿತ್ತಲಲ್ಲಿ ಮೆಲುಕು ಹಾಕುತ್ತಿರುತ್ತದೆ. ಬಿಲ್ಲೆ ಬದಲಿಸುವವರಲ್ಲಿ ಎರಡೇ ಜಾತಿ. ಒಬ್ಬರಿಗೆ ಲಾಭ ಬೇಕು, ಇನ್ನೊಬ್ಬರಿಗೆ ಆ ಪ್ರಾಣಿಯನ್ನು ಬಿಟ್ಟು ಇರಲಾಗದು. ಎರಡನೆಯವರನ್ನು ಹಿಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

“ಶೆಡ್ಡಿನ್ಯಾಗ ಕೆಲಸ ಇಲ್ಲದೇ ಹೋಗಿ ಸುಮ್ನ ಕುಂದ್ರೋರು ಯಾರದಾರ?”

ಹುಡುಗಿಯರು ಮುಖ ಮುಖ ನೋಡಿಕೊಂಡರು.

“ಸರ್ ಹೋಗ್ತಾರೆ,” ಎಂದಳು ಚಿತ್ರಾ ಮೆಲ್ಲಗೆ. “ಜನಾರ್ದನ ಸರ್. ಆದ್ರೆ ಅವರು ವಿಭಾಗದ ಮುಖ್ಯಸ್ಥರು ಮೇಡಂ. ಕೊಯ್ಯೋ ಆದೇಶಕ್ಕೆ ಸಹಿ ಹಾಕೋರೇ ಅವರು.”

ಆಗ ನನಗೆ ಬಿಸ್ಕೀಟು ನೆನಪಾಯಿತು. ಮೊದಲ ಭೇಟಿಯಲ್ಲಿ ಜನಾರ್ದನರು ಸಕ್ಕರೆ ಕಾಯಿಲೆಯೆಂದು ಸಪ್ಪೆ ಚಹಾ ಕುಡಿದಿದ್ದರು. ಕನ್ನಡಕ ಒರೆಸಲು ಕರವಸ್ತ್ರ ಎಳೆದಾಗ ಜೇಬಿನಿಂದ ಉಸ್ಮಾನಿಯಾ ಬಿಸ್ಕೀಟಿನ ಪುಡಿ ಉದುರಿತ್ತು. ಆಗ ನಾನು ಮನಸ್ಸಿನಲ್ಲೇ ನಕ್ಕು, ಮುದುಕ ಕದ್ದು ತಿನ್ನುತ್ತಾನೆ ಎಂದುಕೊಂಡಿದ್ದೆ.

“ಭವಾನಿ, ಸರ್ ಮನಿ ನಿನಗ ಗೊತ್ತೈತೇನು?”

“ಗೊತ್ತೈತ್ರಿ. ಹಿಮಾಯತ್‌ನಗರದಾಗ. ನಡೀರಿ, ನನ್ನ ಸ್ಕೂಟಿ ಮ್ಯಾಲೆ ಹೋಗೂಣು.” ಅವಳು ಆಗಲೇ ಹೆಲ್ಮೆಟ್ಟಿಗೆ ಕೈ ಹಾಕಿದ್ದಳು. ಹೊರಡುವ ಮುಂಚೆ ಚಿತ್ರಾಳ ತಲೆ ಸವರಿದಳು. “ಡಬ್ಬಿ ಖಾಲಿ ಮಾಡಿಡು.”

ಇವರ ಕೋಳಿ ಸಂಶೋಧನಾ ಕೇಂದ್ರ ಇರುವುದು ಊರ ಹೊರಗೆ, ಶಂಕರಪಲ್ಲಿ ದಾರಿಯಲ್ಲಿ. ನಾಂಪಲ್ಲಿಗೆ ಬರುವಷ್ಟರಲ್ಲಿ ನುಮಾಯಿಶ್‌ ವಸ್ತುಪ್ರದರ್ಶನಕ್ಕೆ ಹೊರಟ ಜನ ರಸ್ತೆ ತುಂಬ ಸೇರಿ ಗಾಡಿಗಳು ನಿಂತುಬಿಟ್ಟವು. ಭವಾನಿ ತಲೆ ಹಿಂದಕ್ಕೆ ತಿರುಗಿಸಿದಳು.

“ಸರ್ ಮ್ಯಾಲೆ ನನಗ ಮೊದಲಿಂದ ಸಂಶಯ ಇತ್ರಿ ಅಕ್ಕಾರ. ಹನ್ನೊಂದೂ ಅವರದ ಕೆಲಸ. ದೊಡ್ಡವರ ಹೆಸರು ನಾ ಹ್ಯಾಂಗ ಹೇಳ್ಲಿ?”

“ಹೇಳಬೇಕಿತ್ತು. ಆ ಹುಡುಗಿ ಎಷ್ಟು ಅತ್ತಳು.”

“ನಾನೂ ಅತ್ತೀನ್ರಿ,” ಎಂದಳು. ಅದು ಸುಳ್ಳಿರಲಿಲ್ಲ, ನನ್ನ ಆಫೀಸಿನಲ್ಲಿ ಅವಳ ಕಣ್ಣೀರು ನಾನೇ ನೋಡಿದ್ದೆ.

ಬಾಗಿಲು ತೆರೆದ ಜನಾರ್ದನರು ನನ್ನನ್ನು ಕಂಡು ಬಾಗಿಲಿಗೇ ಅಡ್ಡ ನಿಂತರು. ಬನಿಯನ್ನು, ಪಂಚೆ, ಹೆಗಲ ಮೇಲೆ ಟವೆಲು. ಕೇಂದ್ರದಲ್ಲಿ ಹುಲಿಯಂತೆ ಗುಡುಗುವ ಮನುಷ್ಯ ಮನೆಯಲ್ಲಿ ಎಷ್ಟು ಸಣ್ಣವರಾಗಿ ಕಂಡರು!

“ಬರ್ರಿ ಬರ್ರಿ. ಇಲ್ಲೇ ಮುಂದ ಕುಂದರ್ರಿ. ಹಿಂದ ಮನಿಯವರು ಮಲಗ್ಯಾರ, ಆರಾಮಿಲ್ಲ.”

“ಹಂಗಿದ್ರ ಮಾತಾಡಿಸೇ ಹೋಗ್ತೀನ್ರಿ.” ನಾನು ನಿಲ್ಲಲಿಲ್ಲ. ಹಿತ್ತಲ ಬಾಗಿಲು ತೆರೆದೇ ಇತ್ತು.

ಹಿತ್ತಲಲ್ಲಿ ಒಂದು ಸೀಬೆಮರ. ಅದರ ನೆರಳಿಗೆ ಬೆತ್ತದ ಕುರ್ಚಿ ಹಾಕಿ ಜನಾರ್ದನರ ಹೆಂಡತಿ ಸೂಗಮ್ಮನವರು ಕುಳಿತಿದ್ದರು. ಬಾಯಿ ಒಂದು ಕಡೆ ಸ್ವಲ್ಪ ವಾಲಿತ್ತು, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಲಕ್ವ ಹೊಡೆದು ವರ್ಷವಾಯಿತೆಂದು ದಾರಿಯಲ್ಲಿ ಭವಾನಿ ಹೇಳಿದ್ದಳು. ಕೋಳಿಯೊಂದೂ ಕಾಣಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಗೋಣಿಚೀಲದ ಪರದೆ ಮಾತ್ರ ಇಳಿಬಿದ್ದಿತ್ತು.

ನಾನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತೆ. ದಾರಿಯಲ್ಲಿ ಕೊಂಡ ಉಸ್ಮಾನಿಯಾ ಬಿಸ್ಕೀಟಿನ ಪೊಟ್ಟಣ ಬಿಚ್ಚಿ, ಒಂದನ್ನು ಅಂಗೈಯಲ್ಲಿ ಮುರಿದೆ.

ಗೋಣಿಚೀಲ ಅಲುಗಿತು. ಒಂದು ಕೆಂಚು ಕೋಳಿ ತಲೆ ಹೊರಗೆ ಹಾಕಿತು. ಆಮೇಲೆ ಇನ್ನೊಂದು. ಹಿಂದಿನಿಂದ ಒಂದನ್ನೊಂದು ತಳ್ಳುತ್ತ ಮಿಕ್ಕವೂ ಬಂದವು. ಗುರುತಿಲ್ಲದ ಹೆಂಗಸು ಎಂಬ ಹೆದರಿಕೆ ಒಂದಕ್ಕೂ ಇರಲಿಲ್ಲ. ಕೆಂಚಿ ನೇರವಾಗಿ ನನ್ನ ಮಡಿಲೇರಿ, ಸೀರೆಯ ನಿರಿಗೆಯನ್ನು ಕಾಲಿನಿಂದ ಸರಿಮಾಡಿಕೊಂಡು ಕುಳಿತಿತು. ಅದರ ಮೈ ಬೆಚ್ಚಗಿತ್ತು.

ನಾನು ಮೆಲ್ಲಗೆ ರೆಕ್ಕೆ ಬಿಡಿಸಿದೆ. ಹನ್ನೆರಡು ವರ್ಷ ಎಮ್ಮೆಗಳ ಕಿವಿ ಹಿಡಿದು ನೋಡಿದ ಬೆರಳುಗಳಿವು, ಹುಡುಕುವುದೇನೂ ಕಷ್ಟವಾಗಲಿಲ್ಲ. ಭುಜದ ಹತ್ತಿರದ ತೆಳು ಚರ್ಮದಲ್ಲಿ ಒಂದು ತೂತು. ಬಿಲ್ಲೆ ಇಲ್ಲ, ಬಿಲ್ಲೆ ಇದ್ದ ಜಾಗ ಇದೆ.

“ಬಿಲ್ಲೆ ಬಿಚ್ಚಬಹುದು ಸರ್,” ಎಂದೆ. “ತೂತು ಮುಚ್ಚಾಕ ಬರೂದಿಲ್ಲ.”

ಜನಾರ್ದನರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು.

“ಈ ಕೆಂಚಿನೇ ಮೊದಲನೇದು,” ಎಂದರು. “ಕೊಯ್ಯೂ ದಿನ ಬಂದು ನನ್ನ ಬೂಟಿನ ಮ್ಯಾಲೆ ಕುಂತಿತ್ರಿ. ಮೂವತ್ತು ವರ್ಷ ಸಹಿ ಹಾಕೀನಿ, ಒಂದನ್ನೂ ಉಳಿಸಿರಲಿಲ್ಲ. ಅವತ್ತು ಏನಾತೋ. ಚೀಲದಾಗ ಹಾಕ್ಕೊಂಡು ಬಂದು ಇವಳ ಮುಂದ ಬಿಟ್ಟೆ. ಲಕ್ವ ಹೊಡದ ಮ್ಯಾಲೆ ಇವಳು ಒಂದು ಮಾತು ಆಡಿರಲಿಲ್ಲರಿ. ಡಾಕ್ಟರು ಕೈ ಬಿಟ್ಟಿದ್ರು. ಕೋಳಿ ನೋಡಿ, ‘ಹುಚ್ಚವ್ವಾ, ಬಾ’ ಅಂದಳು. ನಾ ಅಡಗಿಮನಿಗೆ ಹೋಗಿ ಬಾಯಿಗೆ ಟವೆಲ್ ಒತ್ತಿ ಅತ್ತೆ.”

ಅವರು ಟವೆಲನ್ನು ಬೆರಳಿಗೆ ಸುತ್ತುತ್ತಿದ್ದರು.

“ಆಮ್ಯಾಲೆ ಪ್ರತಿ ಬ್ಯಾಚಿಗೂ ಒಂದು ತಂದೆ. ಕೊಯ್ಯೂ ಲೆಕ್ಕ ಸರಿಹೋಗಬೇಕಲ್ಲ, ಮುರ್ಗಿ ಚೌಕಿನ ಕೋಳಿ ಬಜಾರಿಗೆ ಹೋಗಿ ಅಂಥಾದ್ದ ಒಂದು ಹುಡುಕಿ, ಬಿಲ್ಲೆ ಅದಕ್ಕ ಚುಚ್ಚಿ ಶೆಡ್ಡಿಗೆ ಬಿಡ್ತಿದ್ದೆ. ಲಿಂಗಾಯತರ ಮನ್ಯಾಗ ಕೋಳಿ ಅಂತ ಓಣಿ ಮಂದಿ ನಗತಾರ. ತತ್ತಿ ಬಾಜು ಮನಿಗೆ ಕೊಡ್ತೀವಿ. ಇವಳು ಒಂದೊಂದಕ್ಕ ತನ್ನ ತವರಿನ ಹೆಣ್ಣುಮಕ್ಕಳ ಹೆಸರು ಇಟ್ಟಾಳ. ಮನುಷ್ಯಾರ ಜೋಡಿ ಇನ್ನೂ ಮಾತಿಲ್ಲ. ಇವುಗಳ ಜೋಡಿ ದಿನಾ ಆಡತಾಳ.”

ನಾನೇನು ಕಲ್ಲಿನವಳಲ್ಲ. ಆದರೆ ಅಲ್ಲಿ ಚಪಾತಿಯ ಡಬ್ಬಿ ಮುಂದಿಟ್ಟುಕೊಂಡು ಕುಳಿತ ಹುಡುಗಿಯೊಬ್ಬಳಿದ್ದಳಲ್ಲ, ಅವಳ ನೆನಪಿನಿಂದ ಸಿಟ್ಟು ನೆತ್ತಿಗೇರಿತು.

“ನಿಮ್ಮ ಕೋಳಿ ಕುತ್ತಿಗಿ ಉಳೀತು ಸರ್. ಚಿತ್ರಾನ ಕುತ್ತಿಗಿ ಹೋಗಾಕತ್ತೈತಿ. ಅದು ಕಾಣಲಿಲ್ಲೇನು ನಿಮಗ?”

“ಹುಡುಗಿ ಹುಷಾರ ಅದಾಳ, ಹ್ಯಾಂಗರ ಪಾರಾಗ್ತಾಳ ಅನ್ಕೊಂಡೆ. ನಾ ಬಾಯಿಬಿಟ್ರ ಕೇಂದ್ರದವರು ಬಂದು ಇವನ್ನ ಒಯ್ತಾರ. ಅವರ ನಿಯಮ ಹಂಗೈತಿ. ಒಯ್ದು ಕೊಯ್ತಾರ. ಇವಳು ಮತ್ತ ಸುಮ್ಮನಾಗಿಬಿಟ್ರ?”

“ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಕುಂತ್ರಿ. ಹೊಡತ ಬಿದ್ದದ್ದು ಯಾರಿಗೆ? ಅವಳಿಗೂ ಮೈಸೂರಿನ್ಯಾಗ ತಾಯಿ ಅದಾಳ್ರಿ.”

ಕೋಳಿಗಳು ಅವರ ಕಾಲ ಸುತ್ತ ನೆಲ ಕೆದರತೊಡಗಿದವು.

ಆಗ ಬೆತ್ತದ ಕುರ್ಚಿ ಕಿರುಗುಟ್ಟಿತು. ಸೂಗಮ್ಮನವರು ಬಲಗೈ ಎತ್ತಿ ಗಂಡನತ್ತ ಚಾಚಿದ್ದರು. ತುಟಿ ಒದ್ದಾಡಿತು, ಕತ್ತಿನ ನರ ಬಿಗಿಯಿತು.

“ಹೇ... ಹೇಳ್ರಿ,” ಎಂದರು. ಸ್ವಲ್ಪ ತಡೆದು ಮತ್ತೆ, “ಹುಡುಗಿ... ಪಾಪ.”

ಜನಾರ್ದನರು ಮಂಡಿಯೂರಿಕೊಂಡೇ ಕುರ್ಚಿಯವರೆಗೆ ಹೋಗಿ, ಆ ಕೈಯನ್ನು ಹಿಡಿದು ಹಣೆಗೊತ್ತಿಕೊಂಡರು. ನಾನು ಮುಖ ತಿರುಗಿಸಿ ಕೆಂಚಿಯ ಬೆನ್ನು ಸವರುತ್ತ ಕುಳಿತೆ. ಕಣ್ಣು ಒರೆಸಿಕೊಳ್ಳಲು ಒಂದು ನೆಪ ಬೇಕಿತ್ತು.

“ನಾಳೆ ಸಮಿತಿ ಮುಂದ ನಾನೇ ಹೇಳ್ತೀನಿ,” ಎಂದರು ಅವರು. “ಚಿತ್ರಾನ ಕಾಲು ಬೇಕಾದ್ರೂ ಹಿಡೀತೀನಿ.”

“ಕೋಳಿ ಒಯ್ಯಗೊಡದಂಗ ನಾನೂ ಸಮಿತಿಗೆ ಹೇಳಿ ನೋಡ್ತೀನ್ರಿ.” ಸಮಾಧಾನದಿಂದ ಎದ್ದು ಸೀರೆ ಕೊಡವಿದೆ. ಕೇಸು ಮುಗಿಯಿತು ಎಂದುಕೊಂಡೆ. ವಾಡಿಕೆಯಂತೆ ತಲೆ ಎಣಿಸಿದೆ. ಮರದಡಿ ಮೂರು, ಕಲ್ಲಿನ ಹತ್ತಿರ ಎರಡು, ಸೂಗಮ್ಮನವರ ಕಾಲ ಬಳಿ ಒಂದು, ನನ್ನ ಕೆಂಚಿ.

“ಉಳದ ನಾಲ್ಕು ಎಲ್ಲಿ ಅದಾವ್ರಿ?”

“ಉಳದವು ಅಂದ್ರ?”

“ಹನ್ನೊಂದಲ್ಲೇನ್ರಿ ಒಟ್ಟು?”

“ನಾ ತಂದದ್ದು ಏಳ,” ಎಂದರು ಜನಾರ್ದನರು. ಅವರ ಮುಖದಲ್ಲಿ ನಿಜವಾದ ಗಲಿಬಿಲಿ. “ಹನ್ನೊಂದು ಅಂದಾಗ ಯಂತ್ರದ್ದೇ ತಪ್ಪಿರಬೇಕು ಅನ್ಕೊಂಡೆ. ಹುಚ್ಚವ್ವ, ನಿಂಗವ್ವ, ಗೌರವ್ವ, ಶರಣವ್ವ, ಬಸಲಿಂಗಿ, ಚೆನ್ನಿ, ತಾರಾಬಾಯಿ. ಹೆಸರಿಲ್ಲದ ಕೋಳಿ ಈ ಮನ್ಯಾಗ ಇಲ್ಲರಿ.”

“ಸರ್, ಸರಿಯಾಗಿ ನೆನಪ ಮಾಡ್ಕೋರಿ.” ಅಷ್ಟು ಹೊತ್ತು ಹಿತ್ತಲ ಬಾಗಿಲಲ್ಲೇ ನಿಂತಿದ್ದ ಭವಾನಿ ಮುಂದೆ ಬಂದಳು. “ನಾಲ್ಕು ಸತ್ತಿರಬೇಕು. ವಯಸ್ಸಾದವರಿಗೆ ಮರೆವು ಇರ್ತೈತಿ.”

ಸೂಗಮ್ಮನವರು ತಲೆ ಅಡ್ಡಡ್ಡ ಆಡಿಸಿದರು. ಒಂದು ಕೋಳಿಯೂ ಸತ್ತಿರಲಿಲ್ಲ.

ನನ್ನ ಫೋನು ಹೊಡೆದುಕೊಂಡಿತು. ಚಿತ್ರಾ. ನಾನು ಮಾತಾಡುತ್ತ ಗೋಡೆಯ ಕಡೆ ನಡೆದೆ.

“ಮೇಡಂ, ಆ ನಾಲ್ಕರದ್ದು ಬಂತು. ಇವು ಬೇರೆ ಥರ ಇವೆ! ಭಯದ ಜಾಗ ಒಂದೊಂದರದ್ದು ಒಂದೊಂದು. ಆದ್ರೆ ಕಾಲಿನ ಬಲದ ಜಾಗ ಇದೆಯಲ್ಲ, ನಮ್ಮ ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಭಾವ ತೋರಿಸಿದ್ದು, ಅಲ್ಲಿ ನಾಲ್ಕಕ್ಕೂ ಎರಡೂ ಪ್ರತಿ ಅಜ್ಜನದೇ. ಯಾವ ಕಂಪನಿಗೆ ಸಿಕ್ಕಿದ್ರೂ ಕಣ್ಣಿಗೊತ್ತಿಕೊಳ್ಳುತ್ತೆ.”

“ಬದುಕಿರೋ ಕೋಳಿ ನೋಡಿದ್ರ ಅದು ತಿಳೀತದೇನು?”

“ನೋಡಿದ್ರೆ ತಿಳಿಯಲ್ಲ ಮೇಡಂ. ಮೊದಲೇ ಕಾರ್ಡು ಓದಿರ್ಬೇಕು.”

ಕಾರ್ಡಿನ ಎರಡನೇ ತೂತು ನನ್ನ ಕಣ್ಣ ಮುಂದೆ ಬಂತು. ಅದು ಪಂಚಿನ ಪರೀಕ್ಷೆಯಲ್ಲ, ಯಾರೋ ಆ ನಾಲ್ಕನ್ನೂ ಮೊದಲೇ ಓದಿದ್ದರು.

“ಓದಿದ್ರೂ ಯಾವ ಜಾಗ ನೋಡಬೇಕಂತ ತಿಳೀಬೇಕಲ್ಲ. ಅದು ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ. ಸರ್‌ಗೂ ಇನ್ನೂ ತೋರಿಸಿರಲಿಲ್ಲ. ನನಗೆ, ಭವಾನಿಗೆ ಅಷ್ಟೇ.” ಅವಳು ಉಸಿರು ತೆಗೆದುಕೊಂಡಳು. “ಅದಿರ್ಲಿ ಮೇಡಂ, ಸರ್ ಏನಂದ್ರು?”

“ಏಳು ಒಪ್ಕೊಂಡ್ರು.”

ಆ ಕಡೆ ಅಳುವೋ ನಗುವೋ ತಿಳಿಯಲಿಲ್ಲ. ಏಳನ್ನೇ ಅವಳು ಹನ್ನೊಂದೆಂದು ಕೇಳಿಸಿಕೊಂಡಷ್ಟು ಸಂತೋಷ. ನಾಲ್ಕು ಕೋಳಿ ಇನ್ನೂ ತನ್ನ ಕೊರಳಲ್ಲೇ ನೇತಾಡುತ್ತಿವೆ ಎಂಬುದು ಹೊಳೆದೇ ಇರಲಿಲ್ಲ.

“ಭವಾನಿ ಅಲ್ಲೇ ಇದ್ದಾಳಲ್ಲ? ಅವಳಿಗೆ ಫೋನ್ ಕೊಡಿ ಮೇಡಂ. ನಾನೇ ಹೇಳ್ಬೇಕು. ನನಗಿಂತ ಜಾಸ್ತಿ ಅತ್ತಿರೋದು ಅವಳು. ಡಬ್ಬಿ ಖಾಲಿ ಮಾಡಿದೆ ಅಂತಲೂ ಹೇಳ್ತೀನಿ.”

ನಾನು ತಿರುಗಿ ನೋಡಿದೆ. ಸೀಬೆಮರದಡಿ ಭವಾನಿ ಸೂಗಮ್ಮನವರ ಪಕ್ಕ ಕುಳಿತಿದ್ದಳು. ಕೆಂಚಿ ಅವಳ ಮಡಿಲಿಗೂ ಏರಿ, ಕಣ್ಣು ಮುಚ್ಚಿ, ಕುತ್ತಿಗೆಯನ್ನು ಅವಳ ಮೊಣಕೈ ಮೇಲೆ ಇಟ್ಟಿತ್ತು.

“ಚಿತ್ರಾನೇನ್ರಿ ಅಕ್ಕಾರ?” ಎಂದು ನಗುತ್ತ, ಕೋಳಿಯ ಬೆನ್ನಿನಿಂದ ಒಂದು ಕೈ ತೆಗೆದು ಅವಳು ಫೋನಿಗಾಗಿ ಚಾಚಿದಳು.